ತಲೆಯ ಮರ್ಯಾದೆ

"ಮೇಲಕ್ಕೆ ಬನ್ನಿ ಓರಾಜಣ್ಣ, ಇನ್ನೂ ಮೇಲಕ್ಕೆ," ಎಂದು ಹುಡುಗರು ಅವನ ಬೆನ್ನಿಗೆ ಕೈ ಹಾಕಿ ತಳ್ಳುತ್ತಲೇ ಇದ್ದರು.

ಮೈದಾನದ ಪಕ್ಕದ ಊಟದ ಮನೆಯಲ್ಲಿ ಎರಡು ಮೇಜುಗಳನ್ನು ಜೋಡಿಸಿ ಉದ್ದಕ್ಕೆ ಬಟ್ಟೆ ಹಾಸಿದ್ದರು. ಬಾಗಿಲ ಬಳಿ ಕಿರಿಯರು, ಬಾಗಿಲಿಗೆ ಎದುರಾದ ತುದಿಯಲ್ಲಿ ಹಿರಿಯರು ಕೂರುವುದು ವಾಡಿಕೆ. ಓರಾಜ್ ಎಂದಿನಂತೆ ನಡುವಿನ ಒಂದು ಕುರ್ಚಿ ಎಳೆದುಕೊಂಡಿದ್ದ. ಹುಡುಗರು ಬಿಡಲಿಲ್ಲ. ಗೋಲ್‌ಕೀಪರನನ್ನು ದಾಟಿಸಿದರು, ಡಾಕ್ಟರನ್ನು ದಾಟಿಸಿದರು, ಕೊನೆಗೆ ಕೋಚ್ ತ್ಸೊಯ್ ಅವರನ್ನೂ ದಾಟಿಸಿ ತುತ್ತತುದಿಯ ಕುರ್ಚಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ಮೈದಾನ ನೋಡಿಕೊಳ್ಳುವ ತೊಲೆಗೆನ್ ಅಜ್ಜ ಮಾತ್ರ. ಎಪ್ಪತ್ತೊಂದರ ಮುದುಕ, ಹುಲ್ಲಿಗೆ ನೀರು ಬಿಡುವುದರಿಂದ ಹಿಡಿದು ಬೂಟಿನ ಮೊಳೆ ಬಿಗಿಮಾಡುವವರೆಗೆ ಎಲ್ಲ ಅವನದೇ.

"ಇದೇನಜ್ಜ ಇದು?" ಎಂದ ಓರಾಜ್.

"ನನ್ನನ್ಯಾಕೆ ಕೇಳ್ತೀಯ? ನನಗೂ ಯಾರೂ ಹೇಳಿಲ್ಲ," ಎಂದು ಅಜ್ಜ ಚಹಾ ಸುರಿದುಕೊಂಡ.

ಎರಡು ದಿನದ ಹಿಂದೆ, ಋತುವಿನ ಕೊನೆಯ ಪಂದ್ಯ ಮುಗಿದ ಮೇಲೆ, ಓರಾಜ್ ಕೋಚ್ ಹತ್ತಿರ ಹೋಗಿ, "ಬರೋ ವರ್ಷದ ಒಪ್ಪಂದಕ್ಕೆ ಸಹಿ ಯಾವಾಗ ಮಾಡೋಣ ಮೇಷ್ಟ್ರೇ?" ಎಂದು ಕೇಳಿದ್ದ. ಅವರು ಬೇರೆಲ್ಲೋ ನೋಡುತ್ತ, "ಊಟ ಆಗಲಿ ಓರಾಜ್, ಆಮೇಲೆ ಮಾತಾಡೋಣ," ಎಂದಿದ್ದರು. ಮನೆಗೆ ಬಂದು ಹೇಳಿದಾಗ ಹೆಂಡತಿ ಕಾಮ್‌ಶಾತ್ ಹಿಟ್ಟು ನಾದುತ್ತಲೇ, "ಆಡ್ತೀಯಾ, ಆಡು. ಬಿಡ್ತೀಯಾ, ಬಿಡು. ಬಿಟ್ಟು ಮನೇಲಿ ಮುಖ ಊದಿಸ್ಕೊಂಡು ಕೂತ್ರೆ ಮಾತ್ರ ಈ ಲಟ್ಟಣಿಗೆ ನೋಡು," ಎಂದಿದ್ದಳು.

ಅವನಿಗೆ ಬೇಕಿದ್ದದ್ದು ಇನ್ನೊಂದು ವರ್ಷ. ಅದಕ್ಕಿಂತ ಹೆಚ್ಚಿನ ಆಸೆಯೇನೂ ಇರಲಿಲ್ಲ.

ಮೂವತ್ತೇಳು ವರ್ಷದ ಓರಾಜ್ ಹತ್ತೊಂಬತ್ತು ವರ್ಷ ಎರಡನೇ ದರ್ಜೆಯ ಲೀಗಿನಲ್ಲೇ ಆಡಿದ್ದ. ಐದು ಊರು, ಐದು ಬಣ್ಣದ ಅಂಗಿ, ಎಲ್ಲ ಕಡೆಯೂ ರಕ್ಷಣೆಯ ಸಾಲಿನಲ್ಲಿ ಅದೇ ಎಡಮೂಲೆ. ಒಮ್ಮೆ ದೊಡ್ಡ ಲೀಗಿನ ತಂಡವೊಂದು ಪರೀಕ್ಷೆಗೆ ಕರೆದಿತ್ತು. ಮೂರನೆಯ ದಿನ ಪಾದ ಹೊರಳಿತು. ಅವರು ಬೆನ್ನು ತಟ್ಟಿ ರೈಲು ಹತ್ತಿಸಿದರು. ಆ ರಾತ್ರಿಯ ರೈಲಿನಲ್ಲಿ ಅವನು ಕಂಬಳಿಯೊಳಗೆ ಅತ್ತದ್ದುಂಟು. ಅದೇ ಮೊದಲು, ಅದೇ ಕೊನೆ. ಆಮೇಲೆ ಕರಾಸುವಿಗೆ ಬಂದ. ಈ ಊರಿನ ಗಾಳಿ, ಹದಿನಾಲ್ಕು ಗಂಟೆಯ ಬಸ್ಸು ಪ್ರಯಾಣ, ಬಸ್ಸಿನ ಹಿಂದಿನ ಸೀಟಿನ ಇಸ್ಪೀಟು, ಮುನ್ನೂರು ಜನ ಪ್ರೇಕ್ಷಕರಲ್ಲಿ ಇನ್ನೂರು ಜನ ಹೆಸರು ಹಿಡಿದು ಬೈಯುವುದು, ಎಲ್ಲವೂ ಅವನಿಗೆ ಒಗ್ಗಿಹೋಯಿತು. ನಿಜ ಹೇಳಬೇಕೆಂದರೆ, ಒಗ್ಗುವುದು ಸಣ್ಣ ಮಾತು. ಅವನು ಸುಖವಾಗಿದ್ದ. ಬೆಳಗಿನ ಒದ್ದೆ ಹುಲ್ಲಿನ ಮೇಲೆ ಬೂಟಿನ ದಾರ ಬಿಗಿಯುವಾಗ, ಇದಕ್ಕೆ ಸಂಬಳ ಬೇರೆ ಕೊಡುತ್ತಾರಲ್ಲ ಎಂದು ಈಗಲೂ ಒಳಗೊಳಗೇ ನಗುತ್ತಿದ್ದ.

ಕಾಲು ನಿಧಾನವಾಗಿದ್ದು ಸುಳ್ಳಲ್ಲ. ಹೋದ ತಿಂಗಳು ಎದುರು ತಂಡದ ಹದಿನೆಂಟರ ಪೋರನೊಬ್ಬ ಒಂದೇ ಪಂದ್ಯದಲ್ಲಿ ಎರಡು ಸಲ ಅವನ ಪಕ್ಕದಿಂದ ನುಸುಳಿಹೋಗಿದ್ದ. ಮೂರನೆಯ ಸಲ ಬಂದಾಗ ಓರಾಜ್ ಓಡಲೇ ಇಲ್ಲ. ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ ನಿಂತುಕೊಂಡಿದ್ದ. ಆ ಪೋರ ತಬ್ಬಿಬ್ಬಾಗಿ ಕೇಳಿದ, "ಅಂಕಲ್, ನೀವಿಲ್ಲಿ ಯಾವಾಗ ಬಂದ್ರಿ?"

ಅಡುಗೆಮನೆಯ ಬಾಗಿಲು ತೆರೆಯಿತು. ಮುಂದೆ ತಂಡದ ನಾಯಕ ಶಿಂಗಿಸ್, ಎರಡೂ ಕೈಯಲ್ಲಿ ದೊಡ್ಡ ತಟ್ಟೆ. ಇಪ್ಪತ್ತನಾಲ್ಕರ ಶಿಂಗಿಸ್ ರಾಜಧಾನಿಯ ಒಂಬತ್ತನೇ ಮಹಡಿಯಲ್ಲಿ ಬೆಳೆದವನು, ಕುರಿಯನ್ನು ಕಂಡದ್ದೆಲ್ಲ ಬೇಯಿಸಿದ ಮೇಲೆಯೇ. ತಟ್ಟೆಯಲ್ಲಿ ಬೆಂದ ಕುರಿಯ ತಲೆ ಇತ್ತು, ಹಬೆಯಾಡುತ್ತಿತ್ತು. ಅವನು ಬಹಳ ಜಾಗ್ರತೆಯಿಂದ ಅದನ್ನು ತಂದು, ಮೂತಿ ಓರಾಜನ ಕಡೆಗೆ ಬರುವಂತೆ ತಿರುಗಿಸಿ ಇಟ್ಟ, ಪಕ್ಕದಲ್ಲಿ ಚಾಕು ಇಟ್ಟ. ಹುಡುಗರೆಲ್ಲ ಎದ್ದು ನಿಂತರು.

"ನಮ್ಮ ತಂಡದ ಹಿರಿಯರಿಗೆ," ಎಂದ ಶಿಂಗಿಸ್. "ಓರಾಜಣ್ಣ, ನಾವೆಲ್ಲ ನಿಮ್ಮ ಬೈಗುಳ ತಿಂದೇ ಆಟ ಕಲ್ತಿದ್ದು."

ಕೋಚ್ ತ್ಸೊಯ್ ಕೂಡ ಎದ್ದರು. "ಬರೋ ವರ್ಷದಿಂದ ಮಕ್ಕಳ ತಂಡಕ್ಕೆ ಓರಾಜೇ ಮೇಷ್ಟ್ರು. ಇವರಿಗಿಂತ ಒಳ್ಳೆಯವರು ನನಗೆ ಸಿಗಲ್ಲ. ಮೈದಾನದಿಂದ ಮರ್ಯಾದೆಯಾಗಿ ಇಳಿಸೋಣ ಅಂತ ಹುಡುಗರೇ ಈ ಊಟ ಇಟ್ಕೊಂಡಿದ್ದಾರೆ."

ಚಪ್ಪಾಳೆಯೋ ಚಪ್ಪಾಳೆ. ಕೀಪರ್ ಕಣ್ಣೊರೆಸಿಕೊಂಡ. ಓರಾಜನಿಗೆ ಸಿಟ್ಟು ಬರಲಿಲ್ಲ, ಬರುವುದಾದರೂ ಹೇಗೆ? ಇಷ್ಟು ಪ್ರೀತಿಯಿಂದ ಕತ್ತು ಹಿಡಿದು ಹೊರಗೆ ಹಾಕುವವರನ್ನು ಅವನು ಕಂಡೇ ಇರಲಿಲ್ಲ. ಚಾಕು ಎತ್ತಿ ಆ ತಲೆಯಿಂದ ಮೊದಲ ತುಂಡು ಕೊಯ್ದರೆ ಎಲ್ಲರೆದುರು ಹಿರಿಯನಾದಂತೆ, ಅಲ್ಲಿಗೆ ಮುಗಿಯಿತು. ನಾಳೆಯಿಂದ ಅವನು ಆಶೀರ್ವಾದ ಮಾಡುವವನು, ಚಡ್ಡಿ ಹಾಕಿ ಹುಡುಗರ ಜೊತೆ ಓಡಿ ಬೈಸಿಕೊಳ್ಳುವವನಲ್ಲ. ಬೇಡವೆನ್ನುವುದೂ ಸಾಧ್ಯವಿರಲಿಲ್ಲ. ಮುಂದಿಟ್ಟ ತಲೆಯನ್ನು ತಳ್ಳುವುದೆಂದರೆ ಇಷ್ಟೂ ಜನರ ಮುಖಕ್ಕೆ ಹೊಡೆದ ಹಾಗೆ.

ಅವನು ಚಾಕು ಕೈಗೆತ್ತಿಕೊಂಡ. ಪಕ್ಕದಲ್ಲಿ ತೊಲೆಗೆನ್ ಅಜ್ಜ ಚಹಾದ ಬಟ್ಟಲನ್ನು ಬಾಯಿಯ ತನಕ ತಂದವನು ಹಾಗೆಯೇ ಹಿಡಿದುಕೊಂಡು ಅವನನ್ನೇ ದಿಟ್ಟಿಸುತ್ತಿದ್ದ. ಎಲ್ಲಿಂದ ಶುರುಮಾಡಬೇಕು, ಕೆನ್ನೆಯಿಂದಲೋ? ಓರಾಜ್ ಯೋಚಿಸಿದ. ಬೇಸಿಗೆಯಲ್ಲಿ ತಮ್ಮನ ಮದುವೆಯಲ್ಲಿ ಅಪ್ಪ ಹೇಗೆ ಕೊಯ್ದಿದ್ದರು? ಅಪ್ಪ...

ಚಾಕುವನ್ನು ಮೆಲ್ಲಗೆ ಕೆಳಗಿಟ್ಟ.

"ಇದನ್ನ ನಾನು ಮುಟ್ಟೋ ಹಾಗಿಲ್ಲ. ನಮ್ಮಪ್ಪ ಇದ್ದಾರೆ."

ಶಿಂಗಿಸ್ ಗಾಬರಿಯಿಂದ ಬಾಗಿಲ ಕಡೆ ತಿರುಗಿದ. "ಎಲ್ಲಣ್ಣ? ಬಂದಿದ್ದಾರಾ?"

"ಬದುಕಿದ್ದಾರೆ ಅಂದೆ ಕಣೋ!"

ತೊಲೆಗೆನ್ ಅಜ್ಜ ಬಟ್ಟಲನ್ನು ಕುಕ್ಕಿದ. "ಅಬ್ಬಾ, ಬಾಯಿ ಬಿಟ್ಟೆಯಲ್ಲ! ನೀನು ಕೊಯ್ದೇಬಿಡ್ತೀಯ ಅಂದ್ಕೊಂಡಿದ್ದೆ. ಅಪ್ಪ ಬದುಕಿರೋವಾಗ ಮಗ ತಲೆ ಕೊಯ್ತಾನೇನ್ರೋ? ಯಾವ ಮಹಾನುಭಾವ ನಿಮಗಿದನ್ನ ಹೇಳ್ಕೊಟ್ಟಿದ್ದು?"

"ಫೋನಲ್ಲಿ ಓದಿದೆ ಅಜ್ಜ," ಎಂದ ಶಿಂಗಿಸ್, ಕಿವಿಯವರೆಗೂ ಕೆಂಪಾಗಿ. "ಗೌರವಸ್ಥರಿಗೆ ಕೊಡಬೇಕು ಅಂತಿತ್ತು."

"ಪೂರ್ತಿ ಓದೋಕೇನಾಗಿತ್ತು ರೋಗ?"

ಮೇಜಿನ ಆ ತುದಿಯಿಂದ ಈ ತುದಿಯವರೆಗೆ ನಗೆ ಹೊರಳಿತು. ಕೀಪರ್ ಮಾತ್ರ ಅನುಮಾನದ ಮುಖ ಮಾಡಿದ. "ಅಣ್ಣ, ಏಳು ವರ್ಷದಿಂದ ನಿಮ್ಮ ಜೊತೆ ಆಡ್ತಿದೀನಿ. ನಿಮ್ಮಪ್ಪ ಒಂದು ಮ್ಯಾಚಿಗೂ ಬಂದಿದ್ದು ನೋಡಿಲ್ಲ. ತಪ್ಪಿಸ್ಕೊಳ್ಳೋಕೆ ಸುಳ್ಳು ಬಿಡ್ತಿದೀರಾ ಹೇಗೆ? ಮಾಡಿ ಫೋನು!"

"ಮಾಡಿ, ಮಾಡಿ!" ಎಂದು ಉಳಿದವರೂ ಶುರುಮಾಡಿದರು.

ಓರಾಜ್ ಫೋನು ತೆಗೆದು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ. ಬಹಳ ಹೊತ್ತು ಗಂಟೆ ಬಡಿಯಿತು. ಆಮೇಲೆ ಗಾಳಿಯ ಸದ್ದು, ಎಲ್ಲೋ ಕುದುರೆಯ ಕೆನೆತ, ಕೊನೆಗೆ ದೊಡ್ಡ ಗಂಟಲು.

"ಯಾರ್ಲಾ ಅದು?"

"ಅಪ್ಪ, ನಾನು ಓರಾಜ್. ಇಲ್ಲಿ ನಮ್ಮ ಹುಡುಗರು ನೀವು ಇದ್ದೀರೋ ಇಲ್ಲವೋ ಅಂತ ಕೇಳ್ತಿದ್ದಾರೆ."

"ಇಲ್ಲದೆ ಏನಾಗಿವ್ನಿ? ನಾನು ಸತ್ತೋದೆ ಅಂತ ಯಾವನ್ಲಾ ಯೋಳಿದ್ದು?"

ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು. ಓರಾಜ್ ಕುರಿಯ ತಲೆಯ ವಿಷಯ, ತನ್ನನ್ನು ಆಟದಿಂದ ಇಳಿಸುತ್ತಿರುವ ವಿಷಯ ಹೇಳಿದ. ಕೀಪರ್ ಫೋನಿನ ಹತ್ತಿರ ಬಾಗಿ, "ಅಜ್ಜ, ನೀವ್ಯಾಕೆ ಮಗನ ಆಟ ನೋಡೋಕೆ ಒಂದು ಸಲಾನೂ ಬರಲಿಲ್ಲ?" ಎಂದ.

"ಭಾನುವಾರ ಅಂತ ಕುದುರೆಗಳು ನೀರು ಕುಡಿಯಾದು ಬಿಡ್ತವಾ? ಅವನು ಗೋಲು ಹೊಡೀತಾನಾ?"

"ಇಲ್ಲ ಅಜ್ಜ, ಅಣ್ಣ ಹಿಂದೆ ನಿಂತು ತಡೆಯೋರು."

"ತಡೀತಾನಾ?"

"ತಡೀತಾರೆ," ಎಂದ ಕೀಪರ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಕೋಚ್ ತ್ಸೊಯ್ ಮೆಲ್ಲಗೆ ಕೆಮ್ಮಿದರು. "ಹಿರಿಯರೇ, ನಾನು ಇವನ ಮೇಷ್ಟ್ರು. ತಲೆ ವಿಷಯದಲ್ಲಿ ನಮ್ಮದು ತಪ್ಪಾಯ್ತು, ಕ್ಷಮಿಸಿ. ಆದರೆ ಆಟದ ಮಾತು ಬೇರೆ. ಮಂಡಿ ಸವೆದಿದೆ. ಮೂವತ್ತೇಳು ಆಯ್ತು."

"ನಂಗೆ ಎಪ್ಪತ್ತನಾಲ್ಕು. ಈಗ ಕುದುರೆ ಮೇಲಿಂದ್ಲೇ ಮಾತಾಡ್ತಾ ಇವ್ನಿ," ಎಂದಿತು ಫೋನು. ನಗೆ ಮತ್ತೆ ಏಳುವಷ್ಟರಲ್ಲಿ ಆ ದನಿ ಇಳಿಯಿತು. "ಲೋ ಓರಾಜ್. ಆಡಾಕೆ ಇನ್ನೂ ಆಸೆ ಐತೇನ್ಲಾ ನಿಂಗೆ?"

ಇಪ್ಪತ್ತೈದು ಜನ ಕೇಳಿಸಿಕೊಳ್ಳುತ್ತಿದ್ದರು. ಈ ಹತ್ತೊಂಬತ್ತು ವರ್ಷದಲ್ಲಿ ಅಪ್ಪ ಹುಲ್ಲಿನ ಬಗ್ಗೆ, ಹಿಮದ ಬಗ್ಗೆ, ಸೊಸೆಯ ಆರೋಗ್ಯದ ಬಗ್ಗೆ ಕೇಳಿದ್ದರು. ಇದನ್ನು ಕೇಳಿರಲಿಲ್ಲ. ಓರಾಜನೂ ಹೇಳಿರಲಿಲ್ಲ, ಕೇಳದೆ ಹೇಳುವ ಮಾತಲ್ಲ ಅದು.

"ಐತೆ ಅಪ್ಪ," ಎಂದ, ಊರಿನ ಮಾತಿನಲ್ಲೇ. "ಬೋ ಆಸೆ ಐತೆ."

"ಹಂಗಾರೆ ಆಡು. ನಾನಿರಗಂಟ ನೀನು ಹುಡುಗನೇಯ. ಆ ತಲೇನ ಯಾವನಾದ್ರೂ ಮುದುಕನ ಮುಂದೆ ಮಡಗಕೇಳು, ಸುಮ್ಕೆ ಆರೋಯ್ತದೆ." ಕುದುರೆಗೆ ಏನೋ ಗದರಿದ್ದು ಕೇಳಿಸಿತು. ಫೋನು ಕಡಿದುಹೋಯಿತು.

ಓರಾಜ್ ಕೋಚ್ ಅವರ ಮುಖ ನೋಡಲಿಲ್ಲ. ಅಪ್ಪನ ಮಾತು ತಲೆಯ ಮಟ್ಟಿಗೆ ನಡೆಯುತ್ತದೆ, ಒಪ್ಪಂದದ ಮಟ್ಟಿಗೆ ನಡೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ತಂಡ ಕಟ್ಟುವವರು ತ್ಸೊಯ್. ಅವರು ಕೆಟ್ಟವರಲ್ಲ, ಮಂಡಿಯ ಬಗ್ಗೆ ಹೇಳಿದ್ದೂ ಸುಳ್ಳಲ್ಲ. ತಟ್ಟೆಯ ಅಂಚಿಗೆ ಬೆರಳು ತಾಗಿಸಿ ಅದನ್ನು ತೊಲೆಗೆನ್ ಅಜ್ಜನ ಕಡೆಗೆ ಸರಿಸಿದ.

ಅಜ್ಜ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡ. ಅಪ್ಪನನ್ನು ಮಣ್ಣಿಗಿಟ್ಟು ಮೂವತ್ತು ವರ್ಷ ಕಳೆದಿದ್ದ ಅವನಿಗೆ ಇದರಲ್ಲಿ ಅಳುಕಿರಲಿಲ್ಲ. ಅಂಗೈ ಎರಡನ್ನೂ ಬಿಡಿಸಿ ಹಿಡಿದು ತಂಡಕ್ಕೂ, ಮೈದಾನದ ಹುಲ್ಲಿಗೂ, ಹುಲ್ಲು ತುಳಿಯುವ ಅಯೋಗ್ಯರಿಗೂ ಒಳ್ಳೆಯದಾಗಲಿ ಎಂದು ಹರಸಿ ಮುಖ ಸವರಿಕೊಂಡ. ಎಲ್ಲರೂ ಮುಖ ಸವರಿಕೊಂಡರು. ಕೆನ್ನೆಯ ಮಾಂಸ ಕೊಯ್ದು ಮೊದಲ ತುಂಡನ್ನು ಕೋಚ್ ಅವರಿಗೆ ಕೊಟ್ಟ. ಇನ್ನೊಂದು ಡಾಕ್ಟರಿಗೆ. ಆಮೇಲೆ ಚಾಕುವನ್ನು ಒರೆಸಿ ಕುರಿಯ ಒಂದು ಕಿವಿಯನ್ನು ಬುಡದಿಂದ ಕತ್ತರಿಸಿ ತೆಗೆದ.

ಕಿವಿ ಮನೆಯ ಚಿಕ್ಕವರ ಪಾಲು, ಹಿರಿಯರ ಮಾತು ಕೇಳಿ ಬೆಳೆಯಲೆಂದು. ಇದು ಶಿಂಗಿಸನಿಗೂ ಗೊತ್ತಿತ್ತು. ಅವನು ಬಾಗಿಲ ಬಳಿ ಕೂತಿದ್ದ ಹದಿನೆಂಟರ ಹೊಸ ಆಟಗಾರನಿಗೆ ಕಣ್ಸನ್ನೆ ಮಾಡಿದ. ಆ ಹುಡುಗ ನಾಚುತ್ತ ಎದ್ದು ಬಂದು ಕೈ ಚಾಚಿದ.

"ನೀನು ಕೂತ್ಕೊಳಯ್ಯ," ಎಂದ ಅಜ್ಜ. ಕಿವಿಯನ್ನು ಅಂಗೈಯಲ್ಲಿಟ್ಟುಕೊಂಡು ಪಕ್ಕಕ್ಕೆ ತಿರುಗಿದ. "ತಗೋ ಮಗಾ. ತಿನ್ನು."

ಓರಾಜ್ ಅದನ್ನು ನೋಡಿದ, ಅಜ್ಜನನ್ನು ನೋಡಿದ. ಆಮೇಲೆ ಚಿಕ್ಕ ಹುಡುಗರು ತೆಗೆದುಕೊಳ್ಳುವ ಹಾಗೆಯೇ ಎರಡೂ ಕೈ ಚಾಚಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಮೊದಲು ನಕ್ಕವರು ಕೋಚ್ ತ್ಸೊಯ್. ತಡೆದುಕೊಳ್ಳಲಾಗದೆ, ಕರವಸ್ತ್ರ ಮುಖಕ್ಕೆ ಒತ್ತಿ ಹಿಡಿದು, ಭುಜ ಕುಣಿಸಿಕೊಂಡು ನಕ್ಕರು.

"ಒಂದೇ ವರ್ಷ," ಎಂದರು ಕೊನೆಗೆ, ಕಣ್ಣೊರೆಸಿಕೊಳ್ಳುತ್ತ. "ಕೇಳಿಸ್ತಾ? ಒಂದೇ ವರ್ಷ. ಎಷ್ಟೋ ಸಲ ಬೆಂಚಿನ ಮೇಲೆ ಕೂರಿಸ್ತೀನಿ. ಆಗ ಗೊಣಗೋ ಹಾಗಿಲ್ಲ, ಹೇಳಿದ ಮಾತು ಕೇಳ್ಬೇಕು. ಸೋಮವಾರ ಹತ್ತು ಗಂಟೆಗೆ ಬಾ, ಸಹಿ ಹಾಕು."

ಉತ್ತರ ಕೊಡೋಣವೆಂದರೆ ಬಾಯಿ ತುಂಬಿತ್ತು. ಕಿವಿಯ ಮೆತ್ತನೆಯ ಮೂಳೆ ಸುಲಭಕ್ಕೆ ಜಗ್ಗುವಂಥದ್ದಲ್ಲ, ಹಲ್ಲಿನ ನಡುವೆ ಕರಕರ ಎನ್ನುತ್ತಿತ್ತು. ಓರಾಜ್ ಕೋಚ್ ಅವರ ಕಡೆ ನೋಡುತ್ತ, ಆಗಲಿ ಆಗಲಿ ಎಂದು ತಲೆಯಾಡಿಸುತ್ತ, ಜಗಿಯುತ್ತಲೇ ಇದ್ದ.