ಕರೆಯದೆ ಬರುವ ಹಬ್ಬ

ಮೇಣದ ಬತ್ತಿ ಅರ್ಧಕ್ಕಿಳಿದಿತ್ತು. ಬೆಳಿಗ್ಗೆ ಪಾದ್ರಿ ಬಂದು ಹಬ್ಬದ ರೊಟ್ಟಿಯನ್ನು ಶಿಲುಬೆಯಾಕಾರದಲ್ಲಿ ಕೊಯ್ದು, ದ್ರಾಕ್ಷಾರಸ ಹೊಯ್ದು, ಹರಸಿ ಹೋಗಿದ್ದರು. ಬೇಯಿಸಿದ ಸಿಹಿ ಗೋಧಿಯ ಬಟ್ಟಲಲ್ಲಿ ಅವರು ತಿಂದ ಚಮಚದ ಗುರುತೊಂದೇ ಇತ್ತು. ಕೋಳಿ ಸಾರು ಕುದಿದೂ ಕುದಿದೂ ಗಟ್ಟಿಯಾಗುತ್ತಿತ್ತು. ಮಧ್ಯಾಹ್ನವಾದರೂ ಸ್ತಾನಿಯಾಳ ಮನೆಗೆ ಬೇರೆ ಯಾರೂ ಬರಲಿಲ್ಲ.

ಮನೆಯ ಸಂತನ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ. ನೆನಪಿದ್ದವರು ತಾವಾಗಿ ಬರಬೇಕು. ಬಂದವರು ಹೊರಡುವವರೆಗೆ ಮನೆಯ ಯಜಮಾನ ಕೂರುವಂತಿಲ್ಲ. ಗಂಡ ತೀರಿಕೊಂಡ ಮೇಲೆ ನಿಲ್ಲುವ ಕೆಲಸ ಸ್ತಾನಿಯಾಳದ್ದಾಗಿತ್ತು. ಈ ವಸಂತದಲ್ಲಿ ಪ್ಲಮ್ ಮರದಿಂದ ಬಿದ್ದು ಅವಳ ಸೊಂಟ ಮುರಿದಿತ್ತು.

ಅವಳು ತಲೆವಸ್ತ್ರ ಬಿಗಿದು ಕಟ್ಟಿ, ಕೋಲು ಹಿಡಿದು ಹೊರಬಿದ್ದಳು.

ಪಕ್ಕದ ಮನೆಯ ಗ್ವೊಜ್ದೆನ್ ಇಸ್ತ್ರಿ ಅಂಗಿ ತೊಟ್ಟು, ಟೋಪಿ ಹಾಕಿಕೊಂಡು ಅಂಗಳದ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಹೆಂಡತಿ ರುಜಿತ್ಸಾ, ಅವಳೂ ಹಬ್ಬದ ಬಟ್ಟೆಯಲ್ಲೇ.

"ಸತ್ತಿದ್ದೀರೇನೋ ಅಂತ ನೋಡೋಕೆ ಬಂದೆ."

"ಅಯ್ಯೋ ಅಕ್ಕಾ, ನೀನ್ಯಾಕೆ ಇಲ್ಲೀತನಕ ನಡೆದೆ?"

"ಕಾಲಿದೆ, ಅದಕ್ಕೆ. ಯಾಕೋ ಬರ್ಲಿಲ್ಲ?"

ಗ್ವೊಜ್ದೆನ್ ಹೆಂಡತಿಯ ಮುಖ ನೋಡಿದ. ರುಜಿತ್ಸಾ ಮೆಲ್ಲಗೆ ಹೇಳಿದಳು: "ನಾವು ಬಂದ್ರೆ ನೀನು ಸಂಜೆತನಕ ನಿಂತೇ ಇರ್ತೀಯ. ಅದಕ್ಕೆ ಈ ವರ್ಷ ಬೇಡ ಅಂತ ಎಲ್ಲಾ ಮಾತಾಡ್ಕೊಂಡ್ವಿ. ನಿನ್ನ ಒಳ್ಳೇದಕ್ಕೇ, ಅಕ್ಕಾ."

"ನನ್ನ ಒಳ್ಳೇದನ್ನ ನೀವ್ಯಾರು ನೋಡೋಕೆ? ಬೇಸಿಗೆಯೆಲ್ಲಾ ನಿನ್ನ ಕೈ ಸಾರು ಕುಡಿದೆ. ನನ್ನ ತಲೆಗೂದಲು ತೊಳೆದವಳು ನೀನು. ಇವನು ಸೌದೆ ಒಡೆದ. ಆಚೆಮನೆ ಮಿಲುತಿನ್ ನನ್ನ ಹಸೂನ ಹಾಲು ಕರೆದ, ಅರ್ಧ ನೆಲಕ್ಕೆ ಚೆಲ್ಲಿದ, ಆದ್ರೂ ಕರೆದ. ಇವತ್ತು ಬೆಳಿಗ್ಗೆ ಬಾವಿ ತನಕ ನಾನೇ ಹೋಗಿ ನೀರು ಸೇದಿ ಕುಡಿದೆ ಕಣೇ. ಏನು ರುಚಿ ಅದು! ಇದಕ್ಕೆಲ್ಲಾ ಉಪಕಾರ ಆಯ್ತು ಅಂತ ದೇವರಿಗೆ ಕೂತ್ಕೊಂಡೇ ಹೇಳ್ಲಾ? ಒಂದು ದಿನ ನಿಮ್ಮ ಮುಂದೆ ನಿಲ್ಲೋಕೂ ಬಿಡಲ್ವಾ?"

ಗ್ವೊಜ್ದೆನ್ ಮೀಸೆಯೊಳಗೇ ನಕ್ಕ. "ಹಾಗಾದ್ರೆ ಕರೀತಿದ್ದೀಯಾ?"

"ಕರೆಯೋಕೆ ನನಗೇನು ತಲೆ ಕೆಟ್ಟಿದ್ಯಾ? ಜಗಳ ಆಡೋಕೆ ಬಂದೆ, ಆಡಿದೆ. ಹೋಗ್ತಾ ಮಿಲುತಿನ್ ಹತ್ರಾನೂ ಆಡ್ಕೊಂಡು ಹೋಗ್ತೀನಿ."

ಅವಳು ಮನೆ ಸೇರಿ ಸಾರಿಗೆ ನೀರು ಬೆರೆಸುವಷ್ಟರಲ್ಲಿ ಗೇಟಿನ ಅಗುಳಿ ಸದ್ದಾಯಿತು. ನೆರೆಯವರು ಒಬ್ಬೊಬ್ಬರಾಗಿ ಒಳಬಂದು, ಶಿಲುಬೆಯ ಗುರುತು ಮಾಡಿಕೊಂಡು, ಒಂದೊಂದು ಚಮಚ ಗೋಧಿ ತಿಂದು, ಕೋಟು ಕಳಚಿ ಕುರ್ಚಿಗೆ ಹಾಕಿ, ಮೇಜಿನ ಸುತ್ತ ಕೂತರು. ಸ್ತಾನಿಯಾ ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದು, ಇನ್ನೊಂದರಲ್ಲಿ ಬಡಿಸಿದಳು. ಅವಳ ಹಣೆ ಬೆವರುತ್ತಿತ್ತು. ಕೂತ್ಕೋ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಗ್ವೊಜ್ದೆನ್ ಪ್ಲಮ್ ಸಾರಾಯಿಯ ಲೋಟ ಎತ್ತಿ ಸಂತನ ಹೆಸರು ಹೇಳಿದ. ವಾಡಿಕೆಯಂತೆ ಎಲ್ಲರೂ ಎದ್ದು ನಿಂತು ಕುಡಿದರು. ಆಮೇಲೆ ಅವನು ಮಾತ್ರ ಕೂರಲಿಲ್ಲ. ಬಟ್ಟಲನ್ನು ಕೈಗೆತ್ತಿಕೊಂಡ.

"ಕೂತ್ಕೊಳೋ."

"ಬೆನ್ನು ಹಿಡ್ಕೊಂಡಿದೆ ಅಕ್ಕಾ. ನಿಂತ್ರೇ ಆರಾಮ."

"ನನಗೂ," ಎಂದು ರುಜಿತ್ಸಾ ಮತ್ತೆ ಎದ್ದಳು. ಮಿಲುತಿನ್ ಕೂಡ ಎದ್ದ.

"ನಿನಗ್ಯಾವಾಗಿಂದ ಬೆನ್ನು ನೋವು, ಮಿಲುತಿನ್?"

"ಈಗ ಶುರುವಾಯ್ತು ನೋಡು."

"ಸುಳ್ಳುಬುರುಕರು," ಎಂದು ಬೈಯುತ್ತಲೇ ಸ್ತಾನಿಯಾ ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿದಳು. ಉಳಿದವರೂ ಎದ್ದರು. ಬಟ್ಟಲುಗಳನ್ನು ಎದೆಗೆ ಹಿಡಿದುಕೊಂಡು ಎಲ್ಲರೂ ಗೋಡೆಗೊರಗಿ ಉಣ್ಣತೊಡಗಿದರು. ಕುರ್ಚಿಗಳ ಮೇಲೆ ಕೋಟುಗಳು ಕೂತಿದ್ದವು.