ಮಸಿಯ ಮೈಮೇಲೆ ಸೀರಣಿಗೆ

ಬೆಕ್ಕನ್ನು ಡಾಕ್ಟರಿಗೆ ತೋರಿಸಿದರೆ ನಾಲ್ಕು ಅಂಗಿ ಹೊಲಿದ ಕೂಲಿ ಹೋಗುತ್ತದೆ. ಚಿಗಟ ಸಾಯಲು ಅದರ ಕತ್ತಿನ ಮೇಲೆ ಬಿಡುವ ಔಷಧಿಗೆ ಎರಡು ಅಂಗಿಯ ಕೂಲಿ. ಮೀನಂಗಡಿಯ ಹಿಂದೆ ಬಿಟ್ಟುಬಂದರೆ ಬಿಡಿಗಾಸೂ ಖರ್ಚಿಲ್ಲ. ಇದು ಅತ್ತೆಯ ಲೆಕ್ಕ.

ಅವರ ಕಣಕಾಲಿನ ತುಂಬ ಕೆಂಪು ಗಂದೆಗಳೆದ್ದಿದ್ದವು. ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಸಿ ಎಂಬ ಕರಿ ಬೆಕ್ಕು ಮಿಷನ್ನಿನ ಕೆಳಗೆ ಚಿಂದಿ ಬುಟ್ಟಿಯಲ್ಲಿ ಮಲಗುತ್ತಿತ್ತು. ಮೂರು ವರ್ಷದಿಂದ ಅದು ಕಾಲ ಬಳಿ ಇಲ್ಲದೆ ಅವಳು ಒಂದು ಅಂಗಿಯನ್ನೂ ಮುಗಿಸಿದ್ದಿಲ್ಲ.

“ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ ಅತ್ತೆ? ನಾನು ನೋಡಿದೀನಿ, ಅದರ ಮೈಮೇಲೆ ಏನೂ ಇಲ್ಲ.”

“ಕರಿ ಬೆಕ್ಕಿನ ಮೇಲೆ ಕರಿ ಚಿಗಟ ಹುಡುಕಿದಳಂತೆ. ಸಿಕ್ಕಿದ್ರೆ ನಾಳೆ ಬೆಳಗ್ಗೆ ಮೀನಂಗಡಿ. ಒಪ್ಪಿಗೇನಾ?”

ಸೊಸೆ ಒಪ್ಪಿದಳು. ಒದ್ದೆ ಮಾಡಿದ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಮಸಿಯನ್ನು ಹಿಡಿದು ಬೆನ್ನು ಬಾಚತೊಡಗಿದಳು. ಉದುರಿದ ಪುಡಿ ಕರಿಯಾಗೇ ಉಳಿದರೆ ಧೂಳು, ಕೆಂಪಾದರೆ ಚಿಗಟದ ಹಿಕ್ಕೆ ಎಂದು ಔಷಧಿ ಅಂಗಡಿಯವನು ಹೇಳಿದ್ದ.

“ಹಾಗಲ್ಲ ಕಣೇ. ಅವೇನು ನಿನಗೆ ಕಾಣಲಿ ಅಂತ ಬೆನ್ನ ಮೇಲೆ ಸಾಲಾಗಿ ಕೂತಿರ್ತವಾ?”

ಅತ್ತೆ ತಮ್ಮ ಪೆಟ್ಟಿಗೆಯಿಂದ ಸೀರಣಿಗೆ ತಂದರು. ನಾಲ್ವರು ಹೆಣ್ಣುಮಕ್ಕಳ ತಲೆಯ ಹೇನು ತೆಗೆದ ಸೀರಣಿಗೆ. ಬಾಲದ ಬುಡದಲ್ಲಿ ಶುರುಮಾಡಿದರು. ಕರಿ ಪುಡಿ ಉದುರಿತು, ಒದ್ದೆಗೆ ಕರಗಿ ಕೆಂಪಗೆ ಹರಡಿತು.

“ಈಗೇನು ಹೇಳ್ತೀಯ?”

ಸೊಸೆ ಬೆಕ್ಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಸಿಕ್ಕಿದ ಮೊದಲ ಚಿಗಟವನ್ನು ಅತ್ತೆ ಹಳೇ ಅಭ್ಯಾಸದಂತೆ ಉಗುರಿನ ಮೇಲಿಟ್ಟರು. ಕುಕ್ಕುವ ಮೊದಲೇ ಅದು ಹಾರಿಹೋಯಿತು.

“ಹೇನು ನಡೆಯುತ್ತೆ ಅತ್ತೆ, ಇದು ಹಾರುತ್ತೆ,” ಎಂದು ಸೊಸೆ ಸೋಪುನೀರಿನ ಬಟ್ಟಲು ಮುಂದಿಟ್ಟಳು.

ಎರಡನೆಯದು ಮುಳುಗಿತು. ಮೂರನೆಯದೂ. ಅತ್ತೆ ಕಿವಿಯ ಹಿಂದೆ ಬಾಚಿ ಗದ್ದದ ಕೆಳಗೆ ಬಂದಾಗ, ಮಸಿ ಕಣ್ಣು ಮುಚ್ಚಿ ತಾನೇ ಕತ್ತು ಎತ್ತಿಕೊಟ್ಟಿತು.

“ನಾಚಿಕೆ ಇಲ್ಲದ್ದು. ಹೇಗೆ ಸೇವೆ ಮಾಡಿಸ್ಕೊಳ್ತಿದೆ ನೋಡು.”

ಹತ್ತೊಂಬತ್ತಾದಾಗ ಅತ್ತೆ ಬೆನ್ನು ನೆಟ್ಟಗೆ ಮಾಡಿದರು. “ಇನ್ನೂ ಇವೆ. ನಾಳೆ ಮತ್ತೆ ಬಾಚ್ಬೇಕು. ನೀನು ಆ ಔಷಧಿ ತಗೊಂಡು ಬಾ, ಚಿಂದಿಯೆಲ್ಲ ಬಿಸಿನೀರಿಗೆ ಹಾಕು.”

“ನಾಳೆ ಮೀನಂಗಡಿ ಅಂದಿದ್ರಿ?”

“ತಲೆ ಅರ್ಧ ಬಾಚಿ ಯಾರಾದ್ರೂ ಎದ್ದುಹೋಗ್ತಾರೇನೇ?”

ಪಂದ್ಯ ಗೆದ್ದವರು ಅತ್ತೆ. ಖರ್ಚಾದದ್ದು ಎರಡು ಅಂಗಿಯ ಕೂಲಿ, ಒಂದು ತುಂಡು ಬಿಳಿ ಬಟ್ಟೆ. ಮಸಿ ಮನೆಯಲ್ಲೇ ಉಳಿಯಿತು.