ಸ್ಲ್ಯಾಬಿನ ಮೇಲೆ ಸ್ನಾನ

"ಉಗುಳೋ! ಬಾಯಲ್ಲಿರೋದನ್ನ ಉಗುಳೋ, ಬೋಳಿಮಗನೆ!"

ಕಂಬಿಯ ಬಾಯಲ್ಲಿದ್ದದ್ದು ಹೆಬ್ಬೆಟ್ಟಿನಷ್ಟು ಐಸು. ಅವನು ಕಂಬಿ ಕಟ್ಟುವವನು. ಆಳೂ ಕಂಬಿಯ ಹಾಗೇ ಇದ್ದುದರಿಂದ ಬೇರೆ ಹೆಸರಿನ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಒಂದು ಕೆನ್ನೆ ಉಬ್ಬಿತ್ತು. ಮೇಸ್ತ್ರಿಯ ಕಣ್ಣಿಗೆ ಅದು ಕದ್ದ ಮಾಲು ತುಂಬಿದ ಚೀಲದ ಹಾಗೆ ಕಂಡಿರಬೇಕು.

"ಕರಗೋಯ್ತು ಮೇಸ್ತ್ರಿ," ಎಂದ ಕಂಬಿ, ಬಾಯಿ ಪೂರ್ತಿ ತೆರೆಯದೆ.

"ಕರಗೋಯ್ತಾ? ಹಲ್ಲು ಉದುರಿಸ್ತೀನಿ, ಆಗ ಎಲ್ಲಾ ಒಟ್ಟಿಗೆ ಆಚೆ ಬರುತ್ತೆ. ಐಸು ತರಿಸಿರೋದು ಕಾಂಕ್ರೀಟಿಗೆ ಕಣೋ, ನಿನ್ನ ಗಂಟಲಿಗಲ್ಲ!"

ಕಂಬಿ ಮಿಕ್ಸರಿನ ಬಾಯಿಗೆ ಬಗ್ಗಿ ಉಗುಳಿದ. ಬಾಯಿ ಒರೆಸಿಕೊಂಡು, "ತಗೊಳ್ಳಿ, ಕಾಂಕ್ರೀಟಿಗೇ ಸೇರ್ತು. ಇನ್ಮೇಲೆ ಈ ಮನೇಲಿ ಯಾರು ಮಲಗಿದ್ರೂ ತಲೆ ಮೇಲೆ ನನ್ನ ಎಂಜಲು," ಎಂದ.

ನಗು ಬಂತು, ಆದರೆ ನಗುವುದಕ್ಕೂ ಬಾಯಲ್ಲಿ ಒಂದಿಷ್ಟು ಪಸೆ ಬೇಕು.

ಆ ಬೇಸಿಗೆಯಲ್ಲಿ ಬಿಸಿಲು ಕಾಂಕ್ರೀಟಿಗೆ ಆಗಿಬರುತ್ತಿರಲಿಲ್ಲ. ಬಿಸಿಯಾದರೆ ಅವಸರಪಟ್ಟು ಗಟ್ಟಿಯಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ ಎಂದು ಇಂಜಿನಿಯರು ಹೇಳಿದ್ದರಂತೆ. ಆದ್ದರಿಂದ ಕಲಸುವ ನೀರಿಗೆ ಐಸು ಹಾಕಿದರು. ಜಲ್ಲಿ ರಾಶಿಯ ಮೇಲೆ ಟಾರ್ಪಾಲು ಕಟ್ಟಿ ನೆರಳು ಮಾಡಿದರು. ಮರಳಿಗೂ ಆಗಾಗ ನೀರು ಚಿಮುಕಿಸುತ್ತಿದ್ದರು. ಮಧ್ಯಾಹ್ನ ನಾವು ಹೋಗಿ ಜಲ್ಲಿಯ ಪಕ್ಕ ಕುಳಿತರೆ ಮೇಸ್ತ್ರಿ ಎಬ್ಬಿಸುತ್ತಿದ್ದ. ಮೈ ಬಿಸಿ ತಾಗುತ್ತೆ, ಕಲ್ಲು ಕಾಯುತ್ತೆ ಎನ್ನುತ್ತಿದ್ದ. ತಮಾಷೆಗೆ ಹೇಳುತ್ತಿದ್ದನೋ ನಿಜಕ್ಕೋ ಎಂದು ನಾವು ಎಷ್ಟೋ ಸಲ ಚರ್ಚೆ ಮಾಡಿದ್ದೇವೆ.

ಚಾವಣಿಯ ಸ್ಲ್ಯಾಬು ಹಾಕಿ ಮುಗಿಸಿದೆವು. ಮಾರನೆಯ ದಿನ ಅದರ ಮೇಲೆ ಗದ್ದೆಯ ಮಡಿಗಳ ಹಾಗೆ ಮಣ್ಣಿನ ಕಟ್ಟೆ ಕಟ್ಟಿ, ಒಳಗೆ ಕಾಲಿನ ಗೆಣ್ಣು ಮುಳುಗುವಷ್ಟು ನೀರು ನಿಲ್ಲಿಸಿದೆವು. ಹೊಸ ಕಾಂಕ್ರೀಟು ಒಣಗಿದರೂ ಬಿರಿಯುತ್ತದೆ. ಆ ನೀರು ಆರದ ಹಾಗೆ ನೋಡಿಕೊಳ್ಳುವ ಕೆಲಸ ದೊಡ್ಡಮ್ಮನದು. ಅವಳು ನಮ್ಮಲ್ಲಿ ಯಾರಿಗೂ ದೊಡ್ಡಮ್ಮನಲ್ಲ. ವಯಸ್ಸಾದ ಮೇಲೂ ತಲೆ ಮೇಲೆ ಬಾಂಡ್ಲಿ ಹೊರುತ್ತಿದ್ದುದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದೆವು. ನೀರುಣಿಸುವ ಆ ಕೆಲಸಕ್ಕೆ ಮೇಸ್ತ್ರಿ ಬಾಣಂತನ ಎನ್ನುತ್ತಿದ್ದ.

"ಹುಷಾರು ದೊಡ್ಡಮ್ಮಾ, ನಿನ್ನ ಸೊಸೆ ಬಾಣಂತನ ಹೆಂಗಾದ್ರೂ ಆಗುತ್ತೆ. ಇದಕ್ಕೆ ಹೆಚ್ಚುಕಮ್ಮಿ ಆದ್ರೆ ನನ್ನ ತಲೆ ಹೋಗುತ್ತೆ."

ಸೊಸೆ ಕೆಳಗೆ ತಗಡಿನ ಶೆಡ್ಡಿನಲ್ಲಿದ್ದಳು. ಹೆತ್ತು ತಿಂಗಳು ತುಂಬಿರಲಿಲ್ಲ. ಗಂಡ ದೂರದ ಊರಿನ ಸೇತುವೆ ಕೆಲಸಕ್ಕೆ ಹೋಗಿದ್ದ. ಹೆಣ್ಣು ಮಗು ಎಂಬ ಸುದ್ದಿ ತಲುಪಿತ್ತು, ಅವನು ತಲುಪಿರಲಿಲ್ಲ. ತಗಡಿನ ಕೆಳಗೆ ಮಗುವಿನ ಮೈತುಂಬ ಬೆವರುಸಾಲೆ ಎದ್ದು, ಅದು ಇರುಳೂ ಹಗಲೂ ಒಂದೇ ರಾಗದಲ್ಲಿ ಅಳುತ್ತಿತ್ತು.

ಶೆಡ್ಡಿಗೆ ದಿನಕ್ಕೆ ಎರಡು ಕೊಡ ನೀರು. ಕುಡಿಯುವುದು, ಬೇಯಿಸುವುದು, ಮೀಯುವುದು, ಒಗೆಯುವುದು ಎಲ್ಲ ಅದರಲ್ಲೇ. ಉಳಿದ ಟ್ಯಾಂಕರು ನೀರೆಲ್ಲ ಬೀಗ ಹಾಕಿದ ಡ್ರಮ್ಮುಗಳಿಗೆ, ಅಲ್ಲಿಂದ ಸ್ಲ್ಯಾಬಿಗೆ.

ಯಜಮಾನರು ಬಂದಾಗ ಸೊಸೆ ಮಗುವಿನ ಬಟ್ಟೆ ಹಿಂಡುತ್ತಿದ್ದಳು. ಯಜಮಾನರೆಂದರೆ ಕಟ್ಟುತ್ತಿದ್ದ ಮನೆಯ ಒಡೆಯರು, ಒಳ್ಳೆಯ ಮನುಷ್ಯ. ಹಾಗೆಂದು ಅವರೇ ನಮಗೆ ಎರಡು ಮೂರು ಸಲ ತಿಳಿಸಿದ್ದರು. ಅವರು ಕಾರಿನಿಂದ ಇಳಿದು, ಸೊಸೆಯ ಕಾಲ ಬಳಿ ಮಣ್ಣಿಗೆ ಇಂಗುತ್ತಿದ್ದ ನೀರನ್ನೇ ನೋಡುತ್ತ ನಿಂತರು.

"ಏನಮ್ಮಾ, ನೀರು ಹೀಗೆ ಮಣ್ಣಿಗೆ ಚೆಲ್ಲೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?"

"ಮಗೂ ಬಟ್ಟೆ ಸ್ವಾಮಿ."

"ಯಾರ ಬಟ್ಟೆ ಆದ್ರೇನು? ನಮ್ಮ ಮನೇಲಿ ಬಂದು ನೋಡು. ತರಕಾರಿ ತೊಳೆದ ನೀರು ಗಿಡಕ್ಕೆ. ಬಟ್ಟೆ ಜಾಲಾಡಿದ ನೀರು ಕಾರು ತೊಳೆಯೋಕೆ. ಮಲಗೋ ಮುಂಚೆ ನಾನೇ ಒಂದೊಂದು ನಲ್ಲಿ ತಿರುಗಿಸಿ ನೋಡ್ತೀನಿ, ಎಲ್ಲಾದ್ರೂ ತೊಟ್ಟಿಕ್ಕುತ್ತಾ ಅಂತ."

"ನಮ್ಮಲ್ಲಿ ಆ ತೊಂದರೆ ಇಲ್ಲ ಸ್ವಾಮಿ," ಎಂದ ಕಂಬಿ ಹಿಂದಿನಿಂದ. "ನಲ್ಲೀನೇ ಇಲ್ಲ."

ಯಜಮಾನರು ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ಮೇಲೆ ಹೋಗಿತ್ತು, ಮುಖದಲ್ಲಿ ಒಂದು ಉಪಾಯ ಮೂಡುತ್ತಿತ್ತು.

"ಮೇಸ್ತ್ರಿ, ಮೇಲೆ ಅಷ್ಟೊಂದು ನೀರು ಸುಮ್ನೆ ನಿಂತಿದೆಯಲ್ಲ. ಇವರೆಲ್ಲ ಅಲ್ಲೇ ಯಾಕೆ ಸ್ನಾನ ಮಾಡಬಾರದು? ಮೈ ಮೇಲೆ ಹುಯ್ಕೊಂಡ ನೀರು ಮತ್ತೆ ಅಲ್ಲಿಗೇ ಬೀಳುತ್ತೆ. ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ ಸಾರ್. ಎಂಥಾ ತಲೆ ಸಾರ್ ನಿಮ್ದು!"

"ಸೋಪು ಮಾತ್ರ ಬೇಡ. ಸ್ಲ್ಯಾಬಿಗೆ ಒಳ್ಳೇದಲ್ಲ."

ಮರುದಿನದಿಂದ ಶೆಡ್ಡಿಗೆ ಒಂದೇ ಕೊಡ. ಇನ್ನೊಂದು ಕೊಡ ಕೇಳಿದರೆ ಮೇಸ್ತ್ರಿ ಬೆರಳು ಮೇಲೆ ತೋರಿಸುತ್ತಿದ್ದ. ದೇವರನ್ನು ತೋರಿಸಿದ ಹಾಗಿರುತ್ತಿತ್ತು.

ನಮ್ಮ ಜನ್ಮದಲ್ಲಿ ಯಾರೋ ದೊಡ್ಡವರು ತಮ್ಮ ಮನೆಗೆ ಕರೆದು ಸ್ನಾನ ಮಾಡಿ ಎಂದದ್ದು ಅದೇ ಮೊದಲು. ಹೋದೆವು. ಸುತ್ತಲಿನ ಮನೆಗಳ ಬಾಲ್ಕನಿಗಳು ನಮ್ಮ ಕಡೆಗೇ ಮುಖ ಮಾಡಿದ್ದವು. ಅಲ್ಲಿ ಚಹಾ ಕುಡಿಯುತ್ತಿದ್ದವರು ಮೊದಲ ದಿನ ಮುಖ ತಿರುಗಿಸಿದರು, ಆಮೇಲೆ ಕುರ್ಚಿ ತಿರುಗಿಸಿದರು. ಗಂಡಸರು ಹೇಗೋ ಮುಗಿಸಿಕೊಂಡೆವು. ಹೆಂಗಸರ ಮರೆಗೆ ಕಟ್ಟಲು ದೊಡ್ಡಮ್ಮ ನಾಲ್ಕು ಗೋಣಿಚೀಲ ಕೇಳಿದಳು.

"ಗೋಣಿ ಕಂಬಕ್ಕೆ ಸುತ್ತೋಕೇ ಸಾಲ್ತಿಲ್ಲ. ನಿಮ್ಮ ಮಾನ ಮುಚ್ಚೋಕೆ ಎಲ್ಲಿಂದ ತರ್ಲಿ? ನಿನ್ನನ್ನ ಯಾವನು ನೋಡ್ತಾನೆ ಮುದುಕೀ?"

"ನಿನ್ನ ಅಮ್ಮನ್ನ ಕರ್ಕೊಂಡು ಬಾರೋ ಮುಂಡೇದೆ, ನನ್ನ ಪಕ್ಕ ಕೂರಿಸು. ಯಾವನು ನೋಡ್ತಾನೆ ಅಂತ ಆಗ ಹೇಳು."

ಮೇಸ್ತ್ರಿ ಗೋಣಿಯನ್ನಂತೂ ಕೊಡಲಿಲ್ಲ. ಕಂಬಗಳು ಮೈತುಂಬ ಒದ್ದೆ ಗೋಣಿ ಹೊದ್ದು ಮರ್ಯಾದೆಯಾಗಿ ನಿಂತಿದ್ದವು. ಹೆಂಗಸರು ಉಟ್ಟ ಸೀರೆಯಲ್ಲೇ ಕುಕ್ಕರಗಾಲಲ್ಲಿ ಕುಳಿತು ಮಿಂದು, ಉಟ್ಟದ್ದನ್ನು ಮೈ ಮೇಲೇ ಒಣಗಿಸಿಕೊಂಡರು. ಮೈ ತುರಿಸಿದಾಗ, ಬಿಸಿಲಿಗೆ ಇರಬೇಕು ಎಂದುಕೊಂಡೆವು.

ಹೀಗೆ ಕೆಲವು ದಿನ ಕಳೆಯಿತು. ಒಂದು ಮಧ್ಯಾಹ್ನ ಸೊಸೆ ಕೊಡದ ತಳದಲ್ಲಿದ್ದ ನೀರನ್ನೂ ಕುಡಿದು ಮುಗಿಸಿದ್ದಳು. ಹಾಲೂಡಿಸುವವಳ ಬಾಯಾರಿಕೆಗೆ ಯಾರೂ ಲೆಕ್ಕ ಹಿಡಿಯಲಾರರು. ಮಗು ಮೈಯೆಲ್ಲ ಕೆಂಪಾಗಿ ಕಿರುಚುತ್ತಿತ್ತು.

"ಕೊಡಿಲ್ಲಿ," ಎಂದಳು ದೊಡ್ಡಮ್ಮ. "ಮೇಲೆ ಹೋಗಿ ಒಂದು ಸಲ ಅದ್ದಿ ತರ್ತೀನಿ. ಬೆಚ್ಚಗೆ ಹಿತವಾಗಿದೆ ನೀರು."

"ಅತ್ತೆ, ಅದು ಸಿಮೆಂಟಿನ ನೀರಲ್ವಾ?"

"ಸಿಮೆಂಟು ಕೆಳಗೆ ಗಟ್ಟಿಯಾಗಿದೆ ಕಣೇ. ನೀರು ಮೇಲೆ ಕನ್ನಡಿ ಹಂಗಿದೆ. ನಾವೆಲ್ಲ ಮೀಯ್ತಿಲ್ವಾ? ನಂಗೇನಾಗಿದೆ?"

ಅವಳಿಗೆ ಏನೂ ಆಗಿರಲಿಲ್ಲ, ಅದು ನಿಜ. ಹುಡುಗಿಯಾಗಿದ್ದಾಗಿನಿಂದ ಗಾರೆ ತುಂಬಿ ತುಂಬಿ ಆ ಅಂಗೈಗಳು ಚಪ್ಪಲಿಯ ಅಟ್ಟೆಯಂತಾಗಿದ್ದವು. ಒಲೆಯಿಂದ ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದಳು. ನಾವು ಅದನ್ನು ಹೊಗಳುತ್ತಿದ್ದೆವು. ಆ ಕೈಯನ್ನೇ ಮೂಲೆಯ ಮಡಿಯಲ್ಲಿ ಅದ್ದಿ ಪರೀಕ್ಷೆ ಮಾಡಿ, ಸಮಾಧಾನವಾಗಿ, ಮಗುವನ್ನು ಅಂಗಾತ ಮಲಗಿಸಿ ಕತ್ತಿನವರೆಗೆ ಇಳಿಸಿದಳು. ಮಗು ಅಳು ನಿಲ್ಲಿಸಿ ಕಾಲು ಬಡಿಯಿತು. ಸುಖವಾಗಿದೆ ಎಂದು ಅವಳು ಅದನ್ನು ಇನ್ನಷ್ಟು ಹೊತ್ತು ಆಡಿಸಿದಳು. ಮೇಲಿನಿಂದ ನಮಗೆ ಕೂಗಿ ಹೇಳಿದಳು, "ನೋಡ್ರೋ, ನಗ್ತಾ ಇದೆ ಕಳ್ಳಿ!"

ಶೆಡ್ಡಿಗೆ ತಂದು ಒರೆಸಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಸ್ವಲ್ಪ ಹೊತ್ತಿಗೆ ಬಂದ ಅಳು ಬೇರೆಯದು. ಕೆಲಸ ಮಾಡುತ್ತಿದ್ದವರೆಲ್ಲ ಇದ್ದಲ್ಲೇ ನಿಂತೆವು. ಸೊಸೆ ಬಟ್ಟೆ ಬಿಚ್ಚಿದಳು. ತೊಡೆಯ ಸಂದು, ಕಂಕುಳು, ಕತ್ತಿನ ಮಡಿಕೆಗಳು ಹಸಿಮಾಂಸದ ಹಾಗಾಗಿದ್ದವು. ಬೆನ್ನ ಮೇಲಿನ ತೆಳು ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು.

"ಸಿಮೆಂಟಿನ ನೀರು, ಸುಣ್ಣ ಸುಟ್ಟ ಹಾಗೆ ಸುಟ್ಟಿದೆ," ಎಂದ ಕಂಬಿ. "ನೀರು ಹುಯ್ರೀ, ಒಳ್ಳೇ ನೀರು! ನಿಲ್ಲಿಸ್ದೆ ಹುಯ್ಬೇಕು!"

ಕೊಡ ಖಾಲಿ. ಡ್ರಮ್ಮಿಗೆ ಬೀಗ. ಗೇಟಿನ ಬಳಿ ಟ್ಯಾಂಕರು ಆಗಷ್ಟೇ ಬಂದು, ಚಾಲಕ ಪೈಪನ್ನು ಸ್ಲ್ಯಾಬಿಗೆ ಎಳೆಯಲು ಬಿಚ್ಚುತ್ತಿದ್ದ. ಅದರ ಹಿಂದೆಯೇ ಯಜಮಾನರ ಕಾರು.

"ಒಂದು ಚೊಂಬು ಹಿಡ್ಕೊಳ್ಳಿ," ಎಂದ ಮೇಸ್ತ್ರಿ, ಯಜಮಾನರ ಮುಖ ನೋಡುತ್ತ. "ಒಂದು ಚೊಂಬಿಗೆ ಸಾರ್ ಏನೂ ಅನ್ನಲ್ಲ."

"ಚೊಂಬು ನಿನ್ನ ತಿ..."

ಕಂಬಿ ಮಾತು ಮುಗಿಸುವ ಮೊದಲೇ ಸೊಸೆ ಹೋಗಿ ಚಾಲಕನ ಕೈಯಿಂದ ಪೈಪು ಕಿತ್ತುಕೊಂಡಿದ್ದಳು. ಅವನು ಒಂದು ಸಲ ಮಗುವನ್ನು ನೋಡಿದ. "ನಂಗೆ ಎಲ್ಲಿ ಖಾಲಿಯಾದ್ರೂ ಒಂದೇ," ಎಂದು ಗೊಣಗಿ ವಾಲ್ವು ತಿರುಗಿಸಿ ಬೀಡಿ ಹಚ್ಚಿಕೊಂಡ. ನೀರಿನ ರಭಸ ಜೋರಿತ್ತು. ಕಂಬಿ ಪೈಪಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಅದನ್ನು ಮೆತ್ತಗೆ ಮಾಡಿದ. ಅವಳು ಕೆಸರಿನಲ್ಲೇ ಕುಳಿತು ಮಗುವನ್ನು ಮಗ್ಗುಲು ಬದಲಿಸುತ್ತ ಅದರಡಿ ಹಿಡಿದಳು.

"ನೀರು! ನೀರು ಹೋಗ್ತಿದೆ!" ಯಜಮಾನರು ಕಾರಿನ ಪಕ್ಕ ನಿಂತು ಕೂಗುತ್ತಿದ್ದರು. "ಸಾಕು ನಿಲ್ಸಿ, ಆಯ್ತಲ್ಲ! ಎಷ್ಟು ಸಣ್ಣ ಮಗು ಅದು, ಎಷ್ಟು ನೀರು!"

ಟ್ಯಾಂಕರಿನ ಅರ್ಧ ಮಣ್ಣಿಗೆ ಹೋಯಿತು. ಮಗುವಿನ ಅಳು ಕ್ಷೀಣವಾಗಿ, ನಡುನಡುವೆ ಕಡಿದು ಬರತೊಡಗಿತು. ಸೊಸೆ ಎದ್ದವಳೇ ನೇರ ನಡೆದು, ಕಾರಿನ ಹಿಂದಿನ ಬಾಗಿಲು ತೆಗೆದು ಕುಳಿತಳು. ಸೀರೆಯಿಂದ ಕೆಸರು ನೀರು ಸೀಟಿಗೆ ಸೋರುತ್ತಿತ್ತು.

"ಏಯ್, ಇಳಿಯಮ್ಮಾ, ಒದ್ದೆ ಬಟ್ಟೇಲಿ... ಬೇರೆ ಗಾಡಿ ಕರೆಸ್ತೀನಿ ಇಳಿ. ನಾನೇ ದುಡ್ಡು ಕೊಡ್ತೀನಿ."

ಅವಳು ಅವರ ಕಡೆ ನೋಡಲಿಲ್ಲ. ಮುಂದೆ ಕುಳಿತಿದ್ದ ಕಾರಿನ ಡ್ರೈವರನಿಗೆ, "ಆಸ್ಪತ್ರೆಗೆ ಓಡಿಸಣ್ಣ," ಎಂದಳು.

ಡ್ರೈವರ್ ಕನ್ನಡಿಯಲ್ಲಿ ಅವಳನ್ನು ನೋಡಿದ, ಕಿಟಕಿಯಲ್ಲಿ ಯಜಮಾನರನ್ನು ನೋಡಿದ. "ಈಗ ಬಂದ್ಬಿಟ್ಟೆ ಸಾರ್," ಎಂದವನೇ ಗಾಡಿ ಹಿಂದಕ್ಕೆ ತೆಗೆದ. ದೊಡ್ಡಮ್ಮ ಬಾಗಿಲ ತನಕ ಓಡಿ ನಿಂತಳು. ಸೊಸೆ ಅತ್ತೆಗೆ ಹತ್ತು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬಾಗಿಲು ಹಾಕಿಕೊಂಡಳು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಯಜಮಾನರು ಕತ್ತೆತ್ತಿ ಮೇಲೆ ನೋಡಿದರು. ಸೂರ್ಯ ನೆತ್ತಿಯ ಮೇಲಿದ್ದ.

"ಆಗಿದ್ದು ಆಗೋಯ್ತು, ನಂಗೂ ಬೇಜಾರಿದೆ. ಮಿಕ್ಕ ನೀರನ್ನಾದ್ರೂ ಮೇಲೆ ಹತ್ತಿಸ್ರಪ್ಪಾ. ಸ್ಲ್ಯಾಬು ಏನು ತಪ್ಪು ಮಾಡಿದೆ?"

ಯಾರೂ ಅಲುಗಲಿಲ್ಲ. ಮೇಸ್ತ್ರಿ ಅಮ್ಮ, ಅಕ್ಕ, ತಂಗಿಯರನ್ನೆಲ್ಲ ವರಸೆಯಾಗಿ ಎಳೆತಂದು ಬೈದ. ಆಗಲೂ ಅಲುಗಲಿಲ್ಲ. ಆಗ ದೊಡ್ಡಮ್ಮ ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಮೆಟ್ಟಿಲ ಕಡೆ ನಡೆದಳು.

"ನೋಡ್ರೋ," ಎಂದರು ಯಜಮಾನರು. ದನಿ ನಿಜಕ್ಕೂ ತುಂಬಿ ಬಂದಿತ್ತು. "ಆ ತಾಯಿಗಿರೋ ನಿಯತ್ತು ನಿಮ್ಮಲ್ಲಿ ಒಬ್ಬರಿಗಾದ್ರೂ ಇದೆಯಾ?"

ಅವಳು ಮೇಲೆ ಮುಟ್ಟಿದ್ದು ಕಾಣಿಸಿತು. ಸಲಿಕೆ ಎತ್ತಿ ಹಾಕಿದ ಸದ್ದು, ಇನ್ನೊಂದು ಸದ್ದು. ಆಮೇಲೆ ಸ್ಲ್ಯಾಬಿನ ಅಂಚಿನಿಂದ ಬೂದಿಬಣ್ಣದ ನೀರು ಮೊದಲು ಎಳೆಯಾಗಿ, ಮತ್ತೆ ಪರದೆಯಾಗಿ ಇಳಿಯಿತು. ಯಜಮಾನರು ಹಿಂದಕ್ಕೆ ಹಾರಿದರು.

"ಕಟ್ಟೆ ಒಡೀತಾ ಇದ್ದಾಳೆ! ಹಿಡೀರೋ, ಸೂಳೇಮಕ್ಕಳಾ, ಹಿಡೀರೋ ಅವಳನ್ನ!"

ಮೇಸ್ತ್ರಿ ಮೆಟ್ಟಿಲಿಗೆ ಓಡಿದ. ಕೆಳಗಿನ ಮೆಟ್ಟಿಲ ಮೇಲೆ ಕಂಬಿ ಕುಳಿತಿದ್ದ. ಅವನ ಹಿಂದಿನದರ ಮೇಲೆ ಇನ್ನೊಬ್ಬರು, ಅದರ ಹಿಂದೆ ಮತ್ತೊಬ್ಬರು. ಸುಸ್ತಾಗಿ ಕುಳಿತ ಹಾಗೆ ಕುಳಿತಿದ್ದೆವು. ಮೇಸ್ತ್ರಿ ಕಂಬಿಯ ಭುಜಕ್ಕೆ ಒದ್ದ. ಕಂಬಿ ಸರಿದು ದಾರಿ ಬಿಡಲಿಲ್ಲ.

ಮೇಲೆ ಒಂದು ಮಡಿ ಬರಿದಾಗಿ, ಕಪ್ಪಗಿದ್ದ ಕಾಂಕ್ರೀಟು ಅಂಚಿನಿಂದ ಬೆಳ್ಳಗಾಗುತ್ತ ಬಂತು. ರಸ್ತೆಯ ಕಡೆ ಆಗಾಗ ನೋಡುತ್ತಿದ್ದೆವು, ಕಾರು ಬಂದಿರಲಿಲ್ಲ. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡನೆಯ ಕಟ್ಟೆಗೆ ಸಲಿಕೆ ಹಾಕಿದಳು.